ಕಸ್ತೂರೆವ್ವ ಕತ್ತರಿಸಿದ ಹಾಳೆ

ಕಪ್ಪತಗುಡ್ಡದ ಹದಿನೇಳನೆಯ ಗಾಳಿಕಂಬ,
ಎರಡನೆಯ ಆಷಾಢ, ಮೂವತ್ತನಾಲ್ಕನೆಯ ದಿನ.
ನಿಮ್ಮ ಎಣಿಕೆಯಲ್ಲಿ ಇಸವಿ ಎರಡು ಸಾವಿರದ ಮುನ್ನೂರ ತೊಂಬತ್ತೊಂದು.

ಕಸ್ತೂರೆವ್ವಾ,

ಮೊದಲು ನನ್ನ ಮಾತಿನ ಸೊಟ್ಟಗಳನ್ನು ಹೊಟ್ಟೆಗೆ ಹಾಕಿಕೋ. ನಿನ್ನ ಕಾಲದ ಅಕ್ಷರವನ್ನು ನನಗೆ ಯಾರೂ ಕಲಿಸಲಿಲ್ಲ. ನಾನೇ ಕಲಿತದ್ದು, ಅದೂ ಅರವತ್ತೈದು ದಾಟಿದ ಮೇಲೆ. ಗಾಳಿಕಂಬದ ಒಳಗೋಡೆಯ ಮೇಲೆ ನಿಮ್ಮವರು 'ಅಪಾಯ' ಎಂದೂ 'ಏಣಿ ಹತ್ತುವಾಗ ಕೆಳಗೆ ನೋಡಬೇಡಿ' ಎಂದೂ ಬರೆದುಹೋಗಿದ್ದಾರೆ. ಆ ಗೋಡೆ ಏನು ಹೇಳುತ್ತದೆ ಎಂಬುದು ನಮ್ಮಲ್ಲಿ ಎಲ್ಲ ಮಕ್ಕಳಿಗೂ ಬಾಯಿಪಾಠ. ಯಾವ ಗೆರೆಗೆ ಯಾವ ದನಿ ಎಂದು ಒಂದೊಂದಾಗಿ ಹೊಂದಿಸಿಕೊಂಡವಳು ನಾನು. ಉಳಿದದ್ದನ್ನು ಕತೆ ಪುಸ್ತಕಗಳಿಂದ ಹೆಕ್ಕಿದೆ. ಆದ್ದರಿಂದ ಒಂದು ಸಾಲು ಪೊಲೀಸು ಠಾಣೆಯಂತೆ, ಮರುಸಾಲು ಅರಮನೆಯಂತೆ ಕೇಳಿಸಿದರೆ ನಗಬೇಡ.

ನಿನ್ನನ್ನು ಏನೆಂದು ಕರೆಯಬೇಕು ಎಂಬುದಕ್ಕೇ ಎರಡು ದಿನ ಹೋಯಿತು. ಸಂಬಂಧದಲ್ಲಿ ನೀನು ನನ್ನ ಮುತ್ತಜ್ಜಿಗೂ ಮುತ್ತಜ್ಜಿ, ಅವಳಿಗೂ ಹಿರಿಯಳು. ಆದರೆ ಒಂದು ಪುಸ್ತಕದ ಅಂಚಿನಲ್ಲಿ ನೀನೇ ಪೆನ್ಸಿಲಿನಲ್ಲಿ ಬರೆದಿದ್ದೀಯೆ: 'ನಾಳೆ ನನಗೆ ಇಪ್ಪತ್ತೆರಡು. ಇದನ್ನು ಮುಗಿಸದೆ ಏಳುವುದಿಲ್ಲ.' ನನಗೆ ಎಪ್ಪತ್ತೊಂದು. ನಿನ್ನ ಕಾಲು ಮುಟ್ಟಲೋ, ತಲೆ ಸವರಲೋ? ಕೊನೆಗೆ ನನ್ನ ತಂಗಿ ಫಕೀರವ್ವನೇ ದಾರಿ ತೋರಿಸಿದಳು. "ಅವ್ವಾ ಅನ್ನು. ತೊಟ್ಟಲದಾಗಿನ ಕೂಸಿಗೂ ಅವ್ವ ಅಂತೀವಿ, ಹಲ್ಲಿಲ್ಲದ ಮುದುಕಿಗೂ ಅವ್ವ ಅಂತೀವಿ. ನಡುವ ಎಲ್ಲಿದ್ರೂ ನಡೀತೈತಿ."

ಈ ಪತ್ರ ಹೊಟ್ಟೆಕಿಚ್ಚಿನಿಂದ ಬರೆದದ್ದು. ಅದನ್ನು ಮುಚ್ಚಿಟ್ಟುಕೊಂಡು ನಿನ್ನ ಕುಶಲ ಕೇಳಲಾರೆ. ನೀನು ಒಂದು ಪುಸ್ತಕದ ಕೊನೆಯ ಹಾಳೆಯನ್ನು ಕತ್ತರಿಸಿದ್ದೀಯೆ. ಅಥವಾ, ನಿನ್ನ ದಿನಮಾನದಲ್ಲಿ ಇನ್ನು ಕೆಲವು ದಿನಕ್ಕೆ ಕತ್ತರಿಸಲಿದ್ದೀಯೆ. ಆ ಹಾಳೆ ನನಗೆ ಬೇಕು. ಯಾಕೆ ಬೇಕು ಎಂಬುದು ತಿಳಿಯಬೇಕಾದರೆ ನಮ್ಮ ಬದುಕು ನಿನಗೆ ಸ್ವಲ್ಪ ಕಾಣಬೇಕು.

ನಿಮ್ಮವರು ಗಾಳಿಯಿಂದ ಕರೆಂಟು ತೆಗೆಯಲು ಗುಡ್ಡದ ಮೇಲೆ ನಿಲ್ಲಿಸಿದ ಕಂಬಗಳ ರೆಕ್ಕೆ ಉದುರಿ ಇನ್ನೂರು ವರ್ಷವಾಯಿತು. ಅವುಗಳ ಬುಡದ ದುಂಡು ಕೋಣೆಗಳೇ ನಮ್ಮ ಮನೆ. 'ಮೂಲೆ' ಎಂಬ ಮಾತನ್ನು ನಾನು ಪುಸ್ತಕದಲ್ಲಿ ಓದಿ ತಿಳಿದದ್ದು. ನಸುಕಿನಲ್ಲಿ ಎದ್ದು ಇಬ್ಬನಿ ಹಿಡಿದ ಬಲೆಗಳನ್ನು ಹಿಂಡಿ ಕೊಡ ತುಂಬಿಸುತ್ತೇವೆ, ನವಣೆಯ ಮಡಿಗೆ ನೀರುಣಿಸುತ್ತೇವೆ, ಬಿಸಿಲು ಏರುವ ಮೊದಲು ಒಳಗೆ ಸೇರಿ ಬಾಗಿಲು ಹಾಕುತ್ತೇವೆ. ಅಲ್ಲಿಂದ ಸಂಜೆಯವರೆಗೆ ಹೊರಗೆ ಕಾಲಿಡುವಂತಿಲ್ಲ. ಆ ವೇಳೆಗೆ ಒಳಹೊತ್ತು ಎನ್ನುತ್ತೇವೆ. ಒಳಹೊತ್ತಿನಲ್ಲಿ ಎಲ್ಲರೂ ಅವರವರ ಹದಗತೆ ಕೇಳುತ್ತಾರೆ. ತೊಟ್ಟಿಲಿಗೆ ಹಾಕುವ ದಿನವೇ ಕೂಸಿನ ಕಿವಿಯ ಹಿಂದೆ ಒಂದು ಮಣಿ ಕೂರಿಸುತ್ತಾರೆ. ಆ ಕಿವಿಮಣಿ ಕೂಸಿನ ಎದೆಬಡಿತ ಕೇಳುತ್ತ ಕೇಳುತ್ತ ಅದರ ಹದ ಕಲಿಯುತ್ತದೆ, ಆ ಹದಕ್ಕೆ ತಕ್ಕಂತೆ ಜೀವಮಾನವಿಡೀ ಕತೆ ಹೇಳುತ್ತದೆ. ಬೇಸರ ಬಂತೋ, ಕತೆಯೊಳಗೆ ಒಬ್ಬ ಹೊಸಬ ಬಾಗಿಲು ತಟ್ಟುತ್ತಾನೆ. ದುಃಖ ಬಂತೋ, ಮಳೆ ನಿಂತು ಬಿಸಿಲು ಬೀಳುತ್ತದೆ. ನನ್ನ ಕತೆ ನನಗೆ, ನಿನ್ನದು ನಿನಗೆ. ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ಕೇಳಿದ್ದು ನಮ್ಮಲ್ಲಿ ಇಲ್ಲವೇ ಇಲ್ಲ.

ಆರು ವರ್ಷದ ಹಿಂದೆ, ಗುಡ್ಡದ ಕೆಳಗಿನ ಹಳೆಯ ಊರಿಗೆ ಕಲ್ಲು ತರಲು ಹೋದಾಗ ಒಂದು ಗೋಡೆ ಕುಸಿದು ಕಬ್ಬಿಣದ ಕಪಾಟುಗಳು ಕಂಡವು. ಗೆದ್ದಲು ತಿಂದು ಉಳಿಸಿದ್ದು ಇನ್ನೂರ ಹನ್ನೊಂದು ಪುಸ್ತಕ. ನಿಮ್ಮ ಊರಿನ ವಾಚನಾಲಯ ಅದು. ಎಲ್ಲರೂ ಕಲ್ಲು ಹೊತ್ತುಕೊಂಡು ಬಂದರು, ನಾನು ಪುಸ್ತಕ ಹೊತ್ತುಕೊಂಡು ಬಂದೆ, ಅವನ್ನು ಓದಲೆಂದು ಮಣಿ ತೆಗೆಸಿಬಿಟ್ಟೆ. ಮೊದಲು ಓದಿದ್ದು ಭುಜಂಗ ಮಾಸ್ತರ ಎಂಬ ಗಣಿತದ ಮೇಷ್ಟ್ರ ಕೊಲೆಯದು. ಯಾರೋ ಔಷಧಿಯಲ್ಲಿ ವಿಷ ಬೆರೆಸಿ ಕೊಂದಿದ್ದರು. ನಾನು ಗಳಗಳನೆ ಅತ್ತೆ. ಹದಗತೆಯಲ್ಲಿ ಯಾರೂ ಸಾಯುವುದಿಲ್ಲ, ನೋಡು. ಸಾವು ಬರೆದಿದೆ ಎಂದರೆ ಅದು ನಡೆದದ್ದೇ ಎಂದು ತಿಳಿದೆ. ಫಕೀರವ್ವನಿಗೆ ಅಕ್ಷರ ಬಾರದು, ಆಗ ಅವಳ ಮಣಿಯೂ ಕಿವಿಯಲ್ಲೇ ಇತ್ತು. ಆದರೂ ನಸುಕಿನಲ್ಲಿ ಬಲೆ ಹಿಂಡುತ್ತ ನಾನು ಹೇಳಿದ್ದನ್ನು ಕೇಳಿ, "ಪಾಪ, ಹಿಂದ-ಮುಂದ ಯಾರೂ ಇಲ್ಲದ ಜೀವ" ಎಂದು ಮರುಗಿದಳು. ಮಾಸ್ತರ ಸತ್ತ ತಿಥಿ ಪುಸ್ತಕದಲ್ಲಿತ್ತು. ಮೂರು ವರ್ಷ ಅದೇ ದಿನ ಅಕ್ಕತಂಗಿಯರು ನವಣೆ ಹೋಳಿಗೆ ಮಾಡಿ ಅವನಿಗೆ ಎಡೆ ಹಿಡಿದೆವು.

ಆಮೇಲೆ ಕೈಗೆ ಸಿಕ್ಕಿದ್ದು ಚಂದ್ರನ ಪುಸ್ತಕ. ಇಸವಿ ಎರಡು ಸಾವಿರದ ನೂರ ಐವತ್ತರಲ್ಲಿ ಚಂದ್ರನ ಮೇಲೆ ಜೋಳ ಬೆಳೆದು ಭೂಮಿಗೆ ಇಳಿಸುತ್ತಾರೆ ಎಂದು ಅದರಲ್ಲಿತ್ತು. ನಿನಗೆ ಅದು ಮುಂದಿನ ಮಾತು, ನಮಗೆ ಇನ್ನೂರ ನಲವತ್ತು ವರ್ಷ ಹಳೆಯ ಮಾತು. ಫಕೀರವ್ವ ಬಲೆ ಹಿಂಡುವುದನ್ನು ನಿಲ್ಲಿಸಿದಳು.

"ಅಕ್ಕಾ, ಚಂದ್ರನ ಜ್ವಾಳ ತಿಂದೀವಿ ಅಂತ ನಮ್ಮ ಹಿರೇರು ಯಾರೂ ಹೇಳಿದ್ದಿಲ್ಲಲ್ಲ?"

"ಇಲ್ಲ. ಇದು ಸುಳ್ಳು ಬರದಾರ."

"ಅಂದ್ರ ಮಾಸ್ತರ?"

"ಮಾಸ್ತರನೂ ಇದ್ದಿದ್ದಿಲ್ಲ ಅಂತ ಕಾಣಿಸ್ತೈತಿ."

ಅವಳು ಬಲೆ ಕೆಳಗಿಟ್ಟಳು. "ಹಂಗಾದ್ರ ಮೂರು ವರ್ಷದ ಹೋಳಿಗಿ ಯಾರು ತಿಂದ್ರು?"

"ನೀನ ತಿಂದಿ."

ಎಡೆ ಹಿಡಿಯುವುದನ್ನು ಈಗಲೂ ಬಿಟ್ಟಿಲ್ಲ. ಇದ್ದು ಸತ್ತ ಎಷ್ಟೋ ಮಂದಿಗಿಂತ ಆ ಇಲ್ಲದ ಮನುಷ್ಯ ನಮಗೆ ಹೆಚ್ಚು ನೆನಪಾಗುತ್ತಾನೆ. ಸುಳ್ಳು ಎಂದು ಗೊತ್ತಾದ ಮೇಲೆ ನನ್ನ ಓದು ಇಮ್ಮಡಿಯಾಯಿತು. ಮರಳುಗಾಡಿನಲ್ಲಿ ಒಂಟೆ ಕಳೆದುಕೊಂಡವನ ಕತೆ ಓದಿದೆ. ಪೂರ್ವದ ಯಾವುದೋ ದ್ವೀಪದ ಒಬ್ಬ ಮುದುಕಿ ಇನ್ನೂರು ಪುಟ ಚಹಾ ಕಾಸುತ್ತ ಕೂತಿರುತ್ತಾಳೆ, ಯಾರೂ ಏನೂ ಮಾತಾಡುವುದಿಲ್ಲ; ಮೊದಲ ಸಲ ಸಿಟ್ಟಿನಿಂದ ಬಿಸಾಡಿದೆ, ಎರಡನೆಯ ಸಲ ಅವಳ ಜೊತೆ ಕೂತೆ. ಸಾವಿರ ವರ್ಷ ಹಳೆಯ ಕನ್ನಡದ ರಾಜಕತೆಯೊಂದಿತ್ತು, ಒಂದು ಸಾಲೂ ತಿಳಿಯುವಂತಿರಲಿಲ್ಲ. ಆದರೆ ಕಠಿಣ ಮಾತುಗಳ ನೆತ್ತಿಯ ಮೇಲೆಲ್ಲ ಯಾರೋ ಪೆನ್ಸಿಲಿನಲ್ಲಿ ಅರ್ಥ ಬರೆದಿದ್ದರು.

ಅದು ನೀನು. ಪ್ರತಿ ಪುಸ್ತಕದ ಹಿಂದಿನ ರಟ್ಟಿಗೆ ಒಂದು ಚೀಟಿ ಅಂಟಿಸಿದೆ, ತೆಗೆದುಕೊಂಡವರ ಹೆಸರು, ತಾರೀಖು. ನಾನು ಅಲ್ಲಿಯವರೆಗೆ ಓದಿದ್ದ ಎಲ್ಲದರಲ್ಲೂ 'ಕಸ್ತೂರಿ ಗು. ಅಬ್ಬಿಗೇರಿ'. ಮರಳುಗಾಡಿಗೆ ಹೋದರೆ ನೀನು ಮೊದಲೇ ಹೋಗಿ ಬಂದಿರುತ್ತಿದ್ದೆ. ಚಂದ್ರನ ಮೇಲೆ ಇಳಿದರೆ ಅಲ್ಲೂ ನಿನ್ನ ಪೆನ್ಸಿಲು, 'ಜೋಳ ಬೆಳೆದರು, ಸರಿ. ರೊಟ್ಟಿ ಬಡಿಯುವವರು ಯಾರು?' ಆಗ ನೀನು ನಮ್ಮವಳೆಂದು ತಿಳಿದಿರಲಿಲ್ಲ. ಯಾರೋ ಪರಕೀಯಳು ನನಗಿಂತ ಮುಂಚೆ ನನ್ನ ಕೆನೆಯನ್ನೆಲ್ಲ ತಿಂದುಹೋದಳೆಂದು ಉರಿದುಕೊಂಡೆ. ನೀನು ಓದಿದ್ದಕ್ಕಲ್ಲ ಇಷ್ಟು ಉರಿ. 'ನನಗೆ ಹಿಡಿಸಲಿಲ್ಲ' ಎಂದು ಐದು ಕಡೆ ಬರೆದಿದ್ದೀಯಲ್ಲ, ಅದಕ್ಕೆ. ನನಗೆ ಅರವತ್ತೈದು ವರ್ಷ ಹಿಡಿಸದ ಕತೆ ಒಂದೂ ಸಿಗಲಿಲ್ಲ, ಅವ್ವಾ. ಕೈಗೆ ಬಂದದ್ದನ್ನು ಎಳೆದುಕೊಂಡು, ನಿನ್ನ ಹದಕ್ಕೆ ಒಗ್ಗದ್ದನ್ನು ಬೈದುಕೊಂಡು, ಬೈಯುತ್ತಲೇ ಒಗ್ಗಿಸಿಕೊಂಡು ನೀನು ಬೆಳೆದೆ. ನಾನು ಸಕ್ಕರೆ ಪಾಕದಲ್ಲಿ ಬಿದ್ದ ಇರುವೆಯ ಹಾಗೆ ಇದ್ದಲ್ಲೇ ಇದ್ದೆ.

ಇನ್ನೂ ಒಂದಕ್ಕೆ ಉರಿ. ಮಾಸ್ತರನ ಪುಸ್ತಕದ ಹದಿನಾಲ್ಕನೆಯ ಪುಟದಲ್ಲಿ, ಹೆಣ ಸಿಕ್ಕ ಕೂಡಲೇ, ಹಸಿರು ಶಾಯಿಯಲ್ಲಿ 'ಕೊಂದವನು ಕಂಪೌಂಡರ್' ಎಂದು ಬರೆದಿದೆ. (ಕಂಪೌಂಡರ್ ಎಂದರೆ ಔಷಧಿ ಬೆರೆಸಿ ಕೊಡುವವನಂತೆ. ನಿನಗೆ ಗೊತ್ತಿರುತ್ತದೆ.) ಅದರ ಕೆಳಗೆ ನಿನ್ನ ಪೆನ್ಸಿಲು, 'ಇದನ್ನು ಬರೆದ ಕೈಗೆ ಚೇಳು ಕಡಿಯಲಿ.' ಚೀಟಿಯಲ್ಲಿ ನಿನಗಿಂತ ಮೇಲಿನ ಹೆಸರು 'ರಾಚಪ್ಪ ಹೊಂಬಳ'. ಒಂದೇ ಪುಸ್ತಕವನ್ನು ಇಬ್ಬರು ಓದಿ ಹೀಗೆ ಜಗಳ ಕಾಯುವುದು! ನನ್ನ ಹದಗತೆಯ ವಿಷಯಕ್ಕೆ ನಾನು ಯಾರೊಡನೆ ಜಗಳವಾಡಲಿ?

ಆ ಆಸೆಗೇ ಈ ವರ್ಷ ಒಂದು ತಪ್ಪು ಮಾಡಿದೆ. ಹಿಮದ ದೇಶದ ಒಂದು ಕಾದಂಬರಿ, ಕನ್ನಡಕ್ಕೆ ಯಾರೋ ಪುಣ್ಯಾತ್ಮರು ತಂದದ್ದು. ಅಕ್ಕತಂಗಿ ಇಬ್ಬರು ಹೊಳೆಯಲ್ಲಿ ದೋಣಿ ನಡೆಸುತ್ತಾರೆ. ಇದನ್ನು ಫಕೀರವ್ವನ ಜೊತೆಗೇ ಓದಬೇಕು ಎನಿಸಿತು. "ಮಣಿ ತಗದು ಕೇಳು, ನಾ ಓದ್ತೀನಿ" ಎಂದು ಬೆನ್ನುಬಿದ್ದು ಅವಳ ಮಣಿಯನ್ನೂ ತೆಗೆಸಿದೆ. ಮಣಿ ನಲವತ್ತು ದಿನ ಹೊರಗಿದ್ದರೆ ನಮ್ಮ ಹದವನ್ನು ಮರೆತುಬಿಡುತ್ತದೆ, ಮತ್ತೆ ಕೂಡುವುದಿಲ್ಲ. ಮೂವತ್ತೆಂಟನೆಯ ದಿನ ನಾನು ನೆನಪಿಸಿದೆ. ಅವಳು, "ತಂಗಿ ಆಚೀ ದಂಡಿಗೆ ಹೋಗ್ಯಾಳ, ಹೊಳಿ ಹೆಪ್ಪುಗಟ್ಟಾಕತೈತಿ, ಈಗೆಲ್ಲಿ ಮಣಿ ಹಚ್ಚಿಕೊಂತ ಕುಂದ್ರಲಿ? ಓದು" ಎಂದಳು. ಅರವತ್ತಾರು ವರ್ಷ ಜೊತೆಗಿದ್ದ ಕತೆಯನ್ನು ಹಾಗೆ ಬಿಟ್ಟಳು. ನಲವತ್ತೊಂದನೆಯ ದಿನ ನಾನು ಓದಿದ ಸಾಲು ಇದು: 'ದಂಡೆಯಲ್ಲಿ ಕೂತ ಅಕ್ಕನ ಕೈಯಲ್ಲಿ ದೋಣಿಯ ಹಗ್ಗ ಒಮ್ಮೆ ಜಗ್ಗಿತು. ಅವಳು'. ಅಲ್ಲಿಗೆ ಪುಟ ಮುಗಿಯಿತು. ತಿರುವಿದರೆ ಬರೀ ರಟ್ಟು. ಗೆದ್ದಲು ತಿಂದದ್ದಲ್ಲ, ಕಿತ್ತದ್ದಲ್ಲ. ಅಡಿಪಟ್ಟಿ ಇಟ್ಟು ಬ್ಲೇಡಿನಿಂದ ಎಳೆದ ನೇರ ಗೆರೆ.

ಫಕೀರವ್ವ ಬಾಯಿ ತೆರೆದುಕೊಂಡು ಕೂತಿದ್ದಾಳೆ. ಏನು ಹೇಳಲಿ? ದೋಣಿ ಸುರಕ್ಷಿತವಾಗಿ ಬಂತು, ಇಬ್ಬರೂ ಬಿಸಿ ಗಂಜಿ ಕುಡಿದರು ಎಂದು 'ಓದಿದೆ'.

"ನಿನ್ನ ಬಟ್ಟು ಹರಿದಾಡವಲ್ದು," ಎಂದಳು ಫಕೀರವ್ವ. ಓದುವಾಗ ನಾನು ಸಾಲಿನ ಕೆಳಗೆ ಬೆರಳು ಸರಿಸುತ್ತೇನೆ. "ಅದು ಪುಸ್ತಕದಾಗ ಇಲ್ಲ. ಅದು ನಿನ್ನ ಮಣೀದು. ಎಲ್ಲಾರನೂ ಉಳಿಸಿಬಿಟ್ಟಿ."

ನಾನು ಪುಸ್ತಕ ಮುಚ್ಚಿದೆ. ಆಗ ಅವಳು ತಾನೇ ಹೇಳಿದಳು: "ಹಗ್ಗ ಜಗ್ಗಿದ್ದು ತಂಗಿ ಅಲ್ಲ, ಹೊಳಿ. ಅಕ್ಕಗ ಅದು ಗೊತ್ತೈತಿ. ಆದ್ರೂ ತಂಗಿ ಅಂತ ತಿಳ್ಕೊಂಡು ಎಳಕೊಂತ ಕುಂತಾಳ. ಇನ್ನೂ ಎಳ್ಯಾಕತ್ತಾಳ."

ಅಕ್ಷರ ಬಾರದವಳು! ಆರು ವರ್ಷ ಓದಿದವಳು ನಾನು! ಎರಡು ದಿನ ಅವಳೊಡನೆ ಮಾತು ಬಿಟ್ಟೆ. ಆದರೆ ಅವಳಿಗೂ ತಾನು ಕಟ್ಟಿದ್ದು ಸಾಲದು. "ಖರೇ ಕೊನಿ ಬ್ಯಾರೆ ಇರ್ತೈತಿ" ಎನ್ನುತ್ತಾಳೆ. ಒಳಹೊತ್ತಿನಲ್ಲಿ ಮಣಿಯಿಲ್ಲದ ಕಿವಿಯನ್ನು ತಡವಿಕೊಳ್ಳುತ್ತ ಕೂತಿರುತ್ತಾಳೆ. ಅದನ್ನು ಅವಳಿಂದ ಕಸಿದವಳು ನಾನು. ಆ ಹಾಳೆ ಬೇಡಿ ನಿನಗೆ ಪತ್ರ ಬರೆಯಲು ಕೂತದ್ದು ಅದಕ್ಕೇ.

ಬರೆಯುವ ಮೊದಲು ಆ ಪುಸ್ತಕದ ಚೀಟಿಯನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿದೆ. ಇಸವಿ ಎರಡು ಸಾವಿರದ ಇಪ್ಪತ್ತಾರು. ಮೊದಲು ಕಸ್ತೂರಿ, ಆಮೇಲೆ ರಾಚಪ್ಪ, ಆಮೇಲೆ ಮತ್ತೆ ಕಸ್ತೂರಿ. ಉಳಿದ ಕೊನೆಯ ಪುಟದ ಅಡಿಯಲ್ಲಿ ಹಸಿರು ಶಾಯಿ: 'ಹಾಳೆ ಕತ್ತರಿಸಿದವರು ಭಾನುವಾರ ಹತ್ತು ಗಂಟೆಗೆ ವಾಚನಾಲಯದ ಕಟ್ಟೆಗೆ ಬಂದು ಕೊನೆಯನ್ನು ಬಾಯಿಂದಲಾದರೂ ಹೇಳತಕ್ಕದ್ದು.' ಅದರ ಕೆಳಗೆ ಪೆನ್ಸಿಲು: 'ಬರುತ್ತೇನೆ. ಕಂಪೌಂಡರನನ್ನೂ ಕರೆತನ್ನಿ.' ನಾನು ಇದನ್ನು ತಕರಾರು ಎಂದೇ ತಿಳಿದಿದ್ದೆ.

"ಮುಂದಿನ ಪುಸ್ತಕದ ಚೀಟಿ ಓದು," ಎಂದಳು ಫಕೀರವ್ವ.

ಓದಿದೆ. ಎರಡು ವರ್ಷದ ಆಮೇಲಿನ ತಾರೀಖು. 'ಕಸ್ತೂರಿ ರಾ. ಹೊಂಬಳ.'

"ನಮ್ಮ ಬಾಗಲದ ಮ್ಯಾಲೆ ಏನ್ ಕೆತ್ತೈತಿ?"

ಹೊಂಬಳ. ರಾಚಪ್ಪನ ಹೆಸರಿನಲ್ಲಿ ಅದನ್ನು ಕಂಡಾಗ, ನಿಮ್ಮ ಕಾಲದಲ್ಲಿ ಎಷ್ಟೋ ಮನೆಗೆ ಅದೇ ಹೆಸರಿದ್ದೀತೆಂದು ಬಿಟ್ಟಿದ್ದೆ. ಈಗ ಈ ಗುಡ್ಡದ ಮೇಲೆ ಆ ಹೆಸರಿನ ಮನೆ ನಮ್ಮದೊಂದೇ. ತಂಗಿ ಬಿದ್ದು ಬಿದ್ದು ನಕ್ಕಳು. "ಆ ಹಾಳಿ ಕೇಳಬ್ಯಾಡ ಅಕ್ಕಾ, ಕೇಳಬ್ಯಾಡ! ಆಕಿ ಅದನ್ನ ಕತ್ತರಿಸ್ಲಿಲ್ಲಂದ್ರ ಇಲ್ಲಿ ಕುಂತು ಬಾಯಿ ಬಡಕೊಳ್ಳಾಕ ನಾವ ಇರಾಂಗಿಲ್ಲ!"

ಆದ್ದರಿಂದ, ಅವ್ವಾ, ನನ್ನ ಬೇಡಿಕೆ ತಿರುವುಮುರುವಾಗಿದೆ. ಪುಸ್ತಕಕ್ಕೆ ಎರಡು ಕಡೆ ರಟ್ಟು. ಒಂದು ಕಡೆಯಿಂದ ನೀನು ನನಗೆ ಬಂದಿರುವಾಗ ಇನ್ನೊಂದು ಕಡೆಯಿಂದ ನಾನೇಕೆ ಬರಬಾರದು ಎಂದುಕೊಂಡು ಈ ಪತ್ರವನ್ನು ಹಿಂದಿನ ರಟ್ಟಿನ ಜೇಬಿನಲ್ಲಿ ಇಡುತ್ತಿದ್ದೇನೆ. ನೀನು ಬ್ಲೇಡು ಹಿಡಿದು ಕೂತ ಹೊತ್ತಿಗೆ ಇದು ಸಿಗಲಿ. ಕತ್ತರಿಸು. ಕೈ ನಡುಗಿಸಬೇಡ, ಅಡಿಪಟ್ಟಿ ಇಟ್ಟು ನೇರವಾಗಿ ಕತ್ತರಿಸು. ಭಾನುವಾರ ಕಟ್ಟೆಗೆ ಹೋಗು. ಆ ಕೊನೆಯನ್ನು ನಿನ್ನ ಬಾಯಿಂದ ಕೇಳಿದ ಗಂಡಸು ಜಗತ್ತಿನಲ್ಲಿ ಒಬ್ಬನೇ, ಅವನ ಮೇಲೂ ನನಗೆ ಕಿಚ್ಚೇ. ಇರಲಿ. ಕತ್ತರಿಸುವ ಮೊದಲು ಮಾತ್ರ ಆ ಹಾಳೆಯನ್ನು ಮೂರು ಸಲ ಓದು. ಒಂದು ಸಲ ನಿನಗೆ, ಒಂದು ಫಕೀರವ್ವನಿಗೆ, ಒಂದು ನನಗೆ.

ಬರೆದು ಮುಗಿಸಿದ ಮೇಲೆ ನೋಡಿಕೊಳ್ಳುತ್ತೇನೆ, ನಾನೂ ನಿನಗೆ ಹದಿನಾಲ್ಕನೆಯ ಪುಟದಲ್ಲೇ ಎಲ್ಲವನ್ನೂ ಹೇಳಿಬಿಟ್ಟಿದ್ದೇನೆ. ಅರಿಯದೆ ಆಯಿತು ಎನ್ನಲಾರೆ. ನನ್ನ ಕೊನೆಯನ್ನು ನೀನು ಕತ್ತರಿಸಿದೆ, ನಿನ್ನ ಕೊನೆಯನ್ನು ನಾನು ಒಡೆದೆ. ನನ್ನ ಕೈಗೂ ಒಂದು ಚೇಳು ಬಯಸಿಕೋ.

ಆದರೆ ಒಂದು ಮಾತು ನಂಬು. ಕಂಪೌಂಡರನೇ ಎಂದು ಗೊತ್ತಿದ್ದೂ ನಾನು ಮಾಸ್ತರನ ಪುಸ್ತಕವನ್ನು ನಾಲ್ಕು ಸಲ ಓದಿದ್ದೇನೆ, ನಾಲ್ಕು ಸಲವೂ ಅವನು ಔಷಧಿ ಕುಡಿಯದಿರಲಿ ಎಂದು ಬೇಡಿಕೊಂಡಿದ್ದೇನೆ.

ನಿನ್ನ ಹೆಸರಿನ ಕೆಳಗೆ ಚೀಟಿಯಲ್ಲಿ ಒಂದು ಸಾಲು ಖಾಲಿ ಇತ್ತು. ಅಲ್ಲಿ ಬರೆದಿದ್ದೇನೆ,

ಹಂಪವ್ವ ಹೊಂಬಳ. ಪುಸ್ತಕ ಇನ್ನೂ ಹಿಂತಿರುಗಿಸಿಲ್ಲ.