ಕಾರ್ಡಿನಲ್ಲಿ ಇಬ್ಬರು

ಹೊಸಹಳ್ಳಿ, ವಿಜಯನಗರ
13 ಜುಲೈ 2025, ಭಾನುವಾರ

ಹೇರೋಹಳ್ಳಿಯಲ್ಲಿರುವ ನನ್ನ ಯಜಮಾನರಿಗೆ, ಹೊನ್ನವ್ವ ಮಾಡುವ ನಮಸ್ಕಾರಗಳು.

ಯಜಮಾನರು ಎಂದು ಬರೆದದ್ದು ಅಭ್ಯಾಸದಿಂದ. ರೇಷನ್ ಕಾರ್ಡಿನ ಪ್ರಕಾರ ಯಜಮಾನಿ ನಾನು, ನೀವು ನನ್ನ ಕೆಳಗಿನ ಹೆಸರು. ನಗಬೇಡಿ, ಎದೆಗೆ ತ್ರಾಸಾದೀತು.

ನಿಮ್ಮ ಎದೆಯ ಸುದ್ದಿ ನನಗೆ ಹೇಗೆ ಗೊತ್ತಾಯಿತು ಎಂದು ಯೋಚಿಸುತ್ತಿದ್ದೀರಿ. ನಿಮ್ಮ ಅಕ್ಕ ಶಾಂತವ್ವ ಹೇಳಲಿಲ್ಲ, ಅವರ ಮೇಲೆ ಹರಿಹಾಯಬೇಡಿ. ವಿಳಾಸ ಮಾತ್ರ ಅವರದು, ಅದೂ ಜಗಳ ಆಡಿ ತೆಗೆದುಕೊಂಡದ್ದು. ಫೋನ್ ನಂಬರನ್ನು ಎಷ್ಟು ಕೇಳಿದರೂ ಕೊಡಲಿಲ್ಲ. ಕೊಟ್ಟಿದ್ದರೂ ನನ್ನ ದನಿ ಕೇಳಿ ಇಟ್ಟುಬಿಡುತ್ತಿದ್ದಿರಿ. ಕಾಗದವಾದರೆ ಓದುತ್ತೀರಿ, ಬೋಂಡಾ ಕಟ್ಟಿಕೊಟ್ಟ ಕಾಗದವನ್ನೂ ಬಿಡದೆ ಓದುವವರು ನೀವು.

ಸುದ್ದಿ ಹೇಳಿದ್ದು ಸರ್ಕಾರ. ಬಿಪಿಎಲ್ ಕಾರ್ಡಿನವರ ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಆರೋಗ್ಯ ಯೋಜನೆ ಇದೆಯಲ್ಲ, ಅವರ ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಕಾರ್ಡಿಗೆ ಕೊಟ್ಟ ನಂಬರು ಈಗಲೂ ನನ್ನದೇ. ನಾನು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದೆ, ಹಿಟ್ಟಿನ ಕೈಯಲ್ಲೇ ಎತ್ತಿದೆ. "ಮೇಡಂ, ಪೇಷೆಂಟ್ ಮನೆಯವರಾ? ಸ್ಟೆಂಟ್ ಹಾಕಿದ್ಮೇಲೆ ಹೇಗಿದಾರೆ?" ಎಂದಳು. ಯಾರಿಗೆ ಎಂದು ನಾನು ಕೇಳುವುದರೊಳಗೆ, ಪೇಷೆಂಟ್ ಹೆಸರು ಒಂದು ಸಲ ಹೇಳಿ ಎಂದಳು. ಕಾರ್ಡಿನಲ್ಲಿ ನಾನು ಬಿಟ್ಟರೆ ಇನ್ಯಾರಿದ್ದಾರೆ? ಮದುವೆಯಾದಾಗಿನಿಂದ ನಿಮ್ಮ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಅವತ್ತು ಉಣ್ಣಲು ಕುಳಿತವರೆಲ್ಲ ಕೇಳುವಂತೆ ಅಮೀನಪ್ಪ ಎಂದುಬಿಟ್ಟೆ. ಆಮೇಲೆ ಹಿಟ್ಟಿನ ಚೀಲದ ಮೇಲೆ ಕುಳಿತೆ.

ಆ ಹುಡುಗಿ ಬಿಡಲಿಲ್ಲ. ಊಟ ಮಾಡ್ತಿದಾರಾ, ಮಾತ್ರೆ ಟೈಮಿಗೆ ತಗೋತಾರಾ, ಆಸ್ಪತ್ರೇಲಿ ಯಾರಾದ್ರೂ ದುಡ್ಡು ಕೇಳಿದ್ರಾ ಎಂದು ಒಂದೊಂದಾಗಿ ಕೇಳುತ್ತಾ ಹೋದಳು. ನಾನೂ ಪಕ್ಕದಲ್ಲೇ ಇದ್ದು ನೋಡಿದವಳ ಹಾಗೆ ಉತ್ತರ ಕೊಟ್ಟೆ. ಮೆತ್ತಗಿನ ಅನ್ನ ಉಣ್ಣುತ್ತಾರೆ ಎಂದೆ. ಸಂಜೆ ಬೀದಿಯ ಕೊನೆಯವರೆಗೆ ನಡೆಸಿಕೊಂಡು ಹೋಗಿ ಬರುತ್ತೇನೆ ಎಂದೆ. ಬೀಡಿ ಬಿಟ್ಟಿದ್ದಾರೆ ಎಂದೂ ಹೇಳಿದ್ದೇನೆ, ಅದನ್ನಾದರೂ ನಿಜ ಮಾಡಿ. ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂದಾಗ, ನಾನೇ, ಮತ್ಯಾರು ಎಂದು ಗದರಿದೆ. ಫೋನ್ ಇಟ್ಟ ಮೇಲೆ ಬಹಳ ಅತ್ತೆ. ನೀವು ಹೇಗಿದ್ದೀರಿ ಎಂದು ಯಾರಾದರೂ ನನ್ನನ್ನು ಕೇಳಿ ನಾಲ್ಕು ವರ್ಷವಾಗಿತ್ತು.

ನಿಮ್ಮ ಹಾಸಿಗೆಯನ್ನು ಹೊರಗೆ ಎಸೆದವಳು ನಾನು, ಅದನ್ನು ಸುತ್ತಿಕೊಂಡು ತಿರುಗಿ ನೋಡದೆ ಹೋದವರು ನೀವು. ತಪ್ಪು ಯಾರದೆಂದು ಈಗ ಬರೆಯುವುದಿಲ್ಲ. ಹಾಗೆ ನೋಡಿದರೆ ನಿಮ್ಮದೇ. ಮನೆಯಿಂದ ಒಂದು ಲೋಟವನ್ನೂ ಒಯ್ಯದವರು ಕಾರ್ಡಿನ ಜೆರಾಕ್ಸ್ ಒಯ್ದಿದ್ದೀರಿ ಎಂದು ಈಗ ತಿಳಿಯಿತು. ಒಯ್ದದ್ದು ಒಳ್ಳೆಯದಾಯಿತು.

ಈಗ ಮುಖ್ಯ ವಿಷಯ. ಇನ್ನೊಂದು ನಾಳಕ್ಕೂ ಸ್ಟೆಂಟ್ ಹಾಕಬೇಕಂತೆ, ಮುಂದಿನ ತಿಂಗಳು ತಪ್ಪದೆ ಕರೆದುಕೊಂಡು ಬನ್ನಿ ಎಂದು ಆ ಹುಡುಗಿ ಹೇಳಿದಳು. ಆದರೆ ಕಾರ್ಡಿನಲ್ಲಿರುವ ಪ್ರತಿಯೊಬ್ಬರೂ ಈ ತಿಂಗಳೊಳಗೆ ರೇಷನ್ ಅಂಗಡಿಗೆ ಹೋಗಿ ಹೆಬ್ಬೆಟ್ಟು ಕೊಡಬೇಕು. ನನ್ನದು ಆಗಿದೆ, ನಿಮ್ಮದು ಬಾಕಿ. ಅಂಗಡಿಯ ಶಶಿಕುಮಾರ್ ಕೇಳಿದಾಗಲೆಲ್ಲ, ಅವರಿಗೆ ರಾತ್ರಿ ಪಾಳಿ, ಹಗಲು ಮಲಗಿರುತ್ತಾರೆ ಎಂದು ಸಾಗಹಾಕುತ್ತಾ ಬಂದೆ. ಮೊನ್ನೆ ಆತ, "ಆಂಟಿ, ಇನ್ನು ನಂಗೂ ಏನೂ ಮಾಡಕ್ಕಾಗಲ್ಲ. ಬೆರಳು ಕೊಡ್ಲಿಲ್ಲಾಂದ್ರೆ ಹೆಸರು ಡಿಲೀಟ್ ಆಗೋಗುತ್ತೆ" ಎಂದ. ಹೆಸರು ಹೋದರೆ ಆ ಎರಡನೇ ಸ್ಟೆಂಟ್ ನಿಮಗೆ ಪುಕ್ಕಟೆ ಸಿಗುವುದಿಲ್ಲ. ಗೋಡೆಗೆ ಬಣ್ಣ ಹೊಡೆದು ದುಡಿಯುವವರು ನೀವು, ಅಷ್ಟು ಹಣವನ್ನು ಎಲ್ಲಿಂದ ತರುತ್ತೀರಿ?

ಮೊದಲಿನ ಹೊನ್ನವ್ವನಾಗಿದ್ದರೆ ಹೋಗಲಿ ಬಿಡು ಎನ್ನುತ್ತಿದ್ದಳು. ಸುಳ್ಳು ಏಕೆ, ಈ ಯುಗಾದಿಯ ಹೊತ್ತಿಗೆ ನಾನೇ ನಿಮ್ಮ ಹೆಸರು ತೆಗೆಸಲು ಹೊರಟಿದ್ದೆ. ಹಾಗಾದರೆ ಕಾರ್ಡಿನಲ್ಲಿ ನೀವೊಬ್ಬರೇ ಉಳೀತೀರಿ, ಪರವಾಗಿಲ್ವಾ ಎಂದು ಶಶಿಕುಮಾರ್ ಕೇಳಿದ. ಪರವಾಗಿಲ್ಲ ಎಂದು ನನಗೆ ಅನ್ನಿಸಲಿಲ್ಲ. ಹೆಸರು ತೆಗೆಸದೆ, ಅಕ್ಕಿ ತೆಗೆದುಕೊಂಡು ಬಂದೆ. ಒಬ್ಬಳೇ ಇರುವುದು ರೂಢಿಯಾಗಿದೆ ಎಂದು ಎಲ್ಲರ ಮುಂದೆ ಹೇಳುತ್ತೇನೆ. ಆಗಿಲ್ಲ.

ಆದ್ದರಿಂದ 21ನೇ ತಾರೀಕು ಸೋಮವಾರ ಬೆಳಿಗ್ಗೆ ನೀವು ಇಲ್ಲಿಗೆ ಬರಬೇಕು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ನಿಂತರೇ ಮೆಷಿನ್ ಒಪ್ಪುವುದು, ಅದೂ ನಮ್ಮ ಹಳೆಯ ಅಂಗಡಿಯಲ್ಲೇ ಎಂದು ಶಶಿಕುಮಾರ್ ಖಡಾಖಂಡಿತ ಹೇಳಿದ್ದಾನೆ. ನಿಮ್ಮ ಹೇರೋಹಳ್ಳಿಯ ರಸ್ತೆಯ ಗುಂಡಿಗಳಲ್ಲಿ ಆಟೋ ಹತ್ತಬೇಡಿ, ಬಸ್ಸಿನಲ್ಲಿ ಮುಂದಿನ ಸೀಟು ನೋಡಿ ಕುಳಿತುಕೊಳ್ಳಿ. ಬಣ್ಣ ಹೊಡೆದು ನಿಮ್ಮ ಬೆರಳಿನ ಗೆರೆ ಸವೆದಿರಬಹುದು, ಎಣ್ಣೆ ಹಚ್ಚಿ ಚೆನ್ನಾಗಿ ತೊಳೆದುಕೊಂಡು ಬನ್ನಿ.

ಕೆಲಸ ಮುಗಿದ ಮೇಲೆ ಅಲ್ಲಿಂದಲೇ ಹೊರಟುಹೋಗಬಹುದು. ಮನೆಗೆ ಬನ್ನಿ ಎಂದು ನಾನು ಕರೆಯುವುದಿಲ್ಲ. ಹಸಿವಾದರೆ ಮನೆ ಎಲ್ಲಿದೆ ಎಂದು ನಿಮಗೆ ಗೊತ್ತಿದೆ. ಉಪ್ಪು ಕಡಿಮೆ ಹಾಕಿ ಪಲ್ಯ ಮಾಡುವುದನ್ನು ಕಲಿಯುತ್ತಿದ್ದೇನೆ, ಬಾಯಿಗೆ ಇಡುವ ಹಾಗಿಲ್ಲ.

ಮಾತ್ರೆ ತಪ್ಪಿಸಬೇಡಿ.

ಇಂತಿ,
ನಿಮ್ಮ ಮೇಲಿನ ಹೆಸರಿನವಳು,
ಹೊನ್ನವ್ವ

ಮರೆತಿದ್ದೆ: ಲಕೋಟೆಗೆ ಅಂಟು ಹಚ್ಚಿ, ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಇಬ್ಬರೂ ಒಟ್ಟಿಗೆ ನಿಲ್ಲಬೇಕೆಂದು ಶಶಿಕುಮಾರ್ ಹೇಳಿಲ್ಲ, ಅದು ನಾನು ಸೇರಿಸಿದ್ದು. ಹೆಬ್ಬೆಟ್ಟನ್ನು ಯಾವ ರೇಷನ್ ಅಂಗಡಿಯಲ್ಲಿ ಬೇಕಾದರೂ ಕೊಡಬಹುದಂತೆ, ಹೇರೋಹಳ್ಳಿಯಲ್ಲೂ ಆಗುತ್ತದಂತೆ. ಅಷ್ಟು ದೂರ ಬರುವಾಗ ದಾರಿಯಲ್ಲಿ ನಿಮಗೇನಾದರೂ ಆದರೆ ನಾನು ತಡೆದುಕೊಳ್ಳಲಾರೆ. ಅಲ್ಲೇ ಕೊಟ್ಟುಬಿಡಿ, ಕಾಗದ ಸಿಕ್ಕ ದಿನವೇ ಕೊಡಿ. ಖಾನಾವಳಿಯಲ್ಲಿ ಮಾತ್ರ ಸೋಮವಾರಕ್ಕೆ ಆಗಲೇ ರಜೆ ಕೇಳಿಬಿಟ್ಟಿದ್ದೇನೆ.