ದಿನಕ್ಕೆ ನಾಲ್ಕೇ ಯೂನಿಟ್

ನವೆಂಬರ್ 3, ಬೆಳಿಗ್ಗೆ 6.10

ಮೀಟರ್ 18412. ನಿನ್ನೆ ಖರ್ಚಾದದ್ದು ನಾಲ್ಕೇ ಯೂನಿಟ್. ಮೂವತ್ತೊಂದು ವರ್ಷ ಊರವರ ಕರೆಂಟ್ ಮೀಟರ್ ಓದಿದವನು ನಾನು. ರಿಟೈರ್ ಆಗಿ ಎಂಟು ವರ್ಷವಾದರೂ ಎದ್ದ ಕೂಡಲೇ ಕಾಲು ಮೆಟ್ಟಿಲ ಕೆಳಗಿನ ಪೆಟ್ಟಿಗೆಗೇ ಹೋಗುತ್ತದೆ. ಪಕ್ಕದಲ್ಲೇ ತಮ್ಮನ ಮೀಟರ್. ಅದರ ಕಡೆ ಕಣ್ಣು ಹಾಕುವುದಿಲ್ಲ. ಹಾಕದೆಯೂ ಗೊತ್ತು — ಬುಗುರಿಯ ಹಾಗೆ ತಿರುಗುತ್ತಿರುತ್ತದೆ.

ಅಪ್ಪ ಕಟ್ಟಿಸಿದ ಮನೆ. ಮೇಲೆ ನಾನು, ಕೆಳಗೆ ಅವನು, ತಾರಸಿ ಇಬ್ಬರದೂ. ಅದೇ ಈಗಿನ ರಗಳೆ. ಸಾಹೇಬರು ಕೆಳಗೆ ದೊಡ್ಡ ಕರೆಂಟ್ ಓವನ್ ಇಟ್ಟುಕೊಂಡು ಕೇಕ್ ಮಾಡಿ ಅಂಗಡಿಗಳಿಗೆ ಹಾಕುತ್ತಾರೆ. ಬಿಲ್ ನೋಡಿ ಎದೆ ಒಡೆದುಕೊಂಡು ಈಗ ತಾರಸಿಗೆ ಸೋಲಾರ್ ಹಾಕಿಸಬೇಕಂತೆ. ಒಪ್ಪಿಗೆ ಪತ್ರಕ್ಕೆ ನನ್ನ ಸಹಿ ಬೇಕು. ಮೂರು ವರ್ಷದಿಂದ ನೆಟ್ಟಗೆ ಮಾತಿಲ್ಲ, ಈಗ ನೆನಪಾದ ಅಣ್ಣ.

ನವೆಂಬರ್ 5, ಸಂಜೆ

ಬಂದಿದ್ದ. ಕೈಯಲ್ಲಿ ಕಾಗದ, ಅಂಗೈ ತುಂಬ ಹಿಟ್ಟು. ಕೂರು ಎನ್ನಲಿಲ್ಲ.

"ಅಣ್ಣ, ಇಬ್ಬರೂ ಸೇರಿ ಹಾಕಿಸ್ಕೊಂಡ್ರೆ ಇಬ್ಬರಿಗೂ ಒಳ್ಳೇದು. ತಿಂಗಳ ಕೊನೆಗೆ ಸಬ್ಸಿಡಿ ಮುಗಿಯತ್ತೆ. ಅದೂ ತಪ್ಪಿದ್ರೆ ನಾನು ಓವನ್ ಮಾರಬೇಕಾಗತ್ತೆ."

"ಮಾರು. ನನ್ನ ಮನೇಲಿ ದಿನಕ್ಕೆ ನಾಲ್ಕೇ ಯೂನಿಟ್. ನಿನ್ನ ದುಂದುಗಾರಿಕೆಗೆ ನನ್ನ ತಲೆ ಮೇಲೆ ಯಾಕೆ ಗಾಜಿನ ಚಪ್ಪರ?"

"ನಾಲ್ಕು ಯೂನಿಟ್" ಎಂದ. ಅಷ್ಟೇ. ಏನೋ ಹೇಳಲು ಬಾಯಿ ತೆರೆದು ಇವಳ ಮುಖ ನೋಡಿದ. ಇವಳು ನನ್ನ ಹೆಂಡತಿಯೋ ಅವನ ಕಡೆಯ ವಕೀಲೆಯೋ — ಕಣ್ಣಲ್ಲೇ ಬೇಡ ಎಂದಳು. ಹೊರಟುಹೋದ. ಕಾಗದ ಮೇಜಿನ ಮೇಲೆ ಬಿಟ್ಟು ಹೋಗಿದ್ದಾನೆ. ನಾನು ಮುಟ್ಟಿಲ್ಲ.

ನವೆಂಬರ್ 9

18436. ಸೋಲಾರ್ ಕಂಪನಿಯ ಮನುಷ್ಯ ಬಂದಿದ್ದ. ಹೆಸರು ಕೇಳಲಿಲ್ಲ. ತಲೆ ಮೇಲೆ ಕಂಪನಿಯ ಟೋಪಿ, ಹಾಗಾಗಿ ಇಲ್ಲಿ ಟೋಪಿ ಎಂದೇ ಬರೆಯುತ್ತೇನೆ. ಮಾಡುವ ಕೆಲಸವೂ ಅದೇ ಇರಬೇಕು.

ತಾರಸಿಗೆ ಕರೆದೊಯ್ದು ನೀರಿನ ಟ್ಯಾಂಕ್ ತೋರಿಸಿದೆ. ಮಧ್ಯಾಹ್ನ ಮೂರಕ್ಕೆಲ್ಲ ಅರ್ಧ ತಾರಸಿಗೆ ನೆರಳು. "ಆ ಕಡೆ ಸರಿಸಿ ಹಾಕ್ತೀವಿ ಸರ್." ಧೂಳು? "ವಾರಕ್ಕೊಂದ್ಸಲ ಒರೆಸಿದ್ರೆ ಸಾಕು ಸರ್." ಯಾರು ಒರೆಸೋದು, ನೀನು ಬರ್ತೀಯಾ? ನಕ್ಕ. ಹಾಕಿದ ದುಡ್ಡು ವಾಪಸ್ ಬರಲು ಎಷ್ಟು ವರ್ಷ ಎಂದೆ. ಕೆಳಗಿನ ಮನೆಗೆ ಐದು ವರ್ಷವಂತೆ. ನನ್ನ ನಾಲ್ಕು ಯೂನಿಟ್‌ಗೆ ಫೋನ್ ಒತ್ತಿ ಒತ್ತಿ ನೋಡಿ, "ಇಪ್ಪತ್ತಾಗಬಹುದು ಸರ್. ಆದ್ರೆ ಪ್ಯಾನೆಲ್‌ಗೆ ಇಪ್ಪತ್ತೈದು ವರ್ಷ ಗ್ಯಾರಂಟಿ."

"ನನಗೆ ಅರವತ್ತಾರು ಕಣಯ್ಯ. ನನ್ನ ಗ್ಯಾರಂಟಿ ಯಾರು ಕೊಡ್ತಾರೆ?"

ಇವಳು ಬಟ್ಟೆ ಒಣಹಾಕುತ್ತಿದ್ದವಳು ಕ್ಲಿಪ್ ಬಾಯಲ್ಲಿಟ್ಟುಕೊಂಡೇ ನಕ್ಕಳು. ಗೆದ್ದೆ ಅನ್ನಿಸಿತು. ಸಹಿ ಇಲ್ಲ. ತೀರ್ಮಾನ ಆಯಿತು.

ನವೆಂಬರ್ 17, ಬೆಳಿಗ್ಗೆ 9

ಟವೆಲ್ ಸುತ್ತಿಕೊಂಡೇ ಬರೆಯಲು ಕೂತಿದ್ದೇನೆ.

ಸ್ನಾನಕ್ಕೆ ನಿಂತಿದ್ದೆ. ಮೈಯೆಲ್ಲ ಸೋಪು. ಬಚ್ಚಲಿನ ದೀಪ ಆರಿತು, ಗೀಸರ್ ನಿಂತಿತು, ನೆತ್ತಿ ಮೇಲೆ ತಣ್ಣೀರು. ಹಾಲ್‌ನಲ್ಲಿ ಮಾತ್ರ ರೇಡಿಯೋ ಹಾಡುತ್ತಲೇ ಇದೆ! ಟವೆಲ್ ಸುತ್ತಿಕೊಂಡು ಮೆಟ್ಟಿಲಿಗೆ ಓಡಿದೆ. ಮೀಟರ್ ಪೆಟ್ಟಿಗೆ ಮುಂದೆ ಟೋಪಿ, ಪಕ್ಕದಲ್ಲಿ ತಮ್ಮ.

"ಯಾವ ಮೇನ್ ತೆಗೆದೆಯೋ?"

"ಕೆಳಗಿನ ಮನೇದು ಸರ್. ಅಳತೆಗೆ."

ಕೆಳಗಿನ ಮೇನ್ ತೆಗೆದರೆ ನನ್ನ ಬಚ್ಚಲು ಆರುತ್ತದೆ! ಹಿಂದೆಯೂ ಒಂದೆರಡು ಸಲ ಹೀಗಾಗಿತ್ತು, ಹಳೇ ವೈರಿಂಗ್ ಎಂದು ಬಿಟ್ಟಿದ್ದೆ. ಮೀಟರ್ ತನಕ ನಮ್ಮದು, ಒಳಗಿನ ವೈರು ಅವರವರ ಕರ್ಮ — ಡ್ಯೂಟಿಯಲ್ಲಿ ಹೀಗೇ ಹೇಳುತ್ತಿದ್ದೆವು. ಇವತ್ತು ತಲೆಗೆ ಹೊಳೆಯಿತು, ಎರಡು ಮನೆಯ ಲೈನೂ ಎಲ್ಲೋ ಸೇರಿದೆ; ಯಾವ ಕಡೆಯಿಂದ ಯಾವ ಕಡೆಗೆ ಎಂದು ಯೋಚಿಸಲೂ ಇಲ್ಲ. ಬಾಯಿಗೆ ಬಂದದ್ದೆಲ್ಲ ಬೈದೆ. ಕಳ್ಳ, ಅಣ್ಣನ ಲೈನಿಗೆ ಕೊಕ್ಕೆ ಹಾಕಿದ ಕಳ್ಳ, ನಿನ್ನಂಥವರನ್ನು ಹಿಡಿದು ದಂಡ ಹಾಕಿಸಿದ್ದೇನೆ ನಾನು. ಬೀದಿಗೆಲ್ಲ ಕೇಳಿಸಿರಬೇಕು. ಎದುರು ಮನೆ ಕಿಟಕಿ ತೆರೆಯಿತು.

ಟೋಪಿ ತಲೆ ಕೆರೆದುಕೊಂಡ.

"ಸರ್... ಕರೆಂಟು ಇವರ ಕಡೆಯಿಂದ ನಿಮ್ಮ ಕಡೆಗೆ ಹೋಗ್ತಿದೆ."

"ಏನಂದೆ?"

"ನಿಮ್ಮ ಬಚ್ಚಲು, ಹಿಂದಿನ ರೂಮು, ಎರಡೂ ಇವರ ಮೀಟರ್ ಮೇಲಿದೆ. ವೈರ್ ನೋಡಿದ್ರೆ ಹತ್ತು ವರ್ಷದ ಮೇಲಾಗಿದೆ ಸರ್."

"ಮೇನ್ ಹಾಕಪ್ಪ, ಅಣ್ಣಂಗೆ ಚಳಿ ಆಗತ್ತೆ" ಎಂದು ತಮ್ಮ ಒಳಗೆ ಹೋದ.

ಸೋಪು ಒಣಗಿ ಮೈ ಬಿಗಿಯುತ್ತಿದೆ. ಇನ್ನೂ ತೊಳೆದುಕೊಂಡಿಲ್ಲ. ಹಿಂದಿನ ರೂಮು ಎಂದರೆ ಇದೇ, ಅಮ್ಮ ಇದ್ದ ರೂಮು. ಈ ಮೇಜಿನ ದೀಪದಲ್ಲೇ ಇಷ್ಟು ವರ್ಷ ಅವನ ದುಂದುಗಾರಿಕೆ ಬರೆದೆ.

ಅದೇ ದಿನ, ಮಧ್ಯಾಹ್ನ

ಇವಳಿಗೆ ಗೊತ್ತಿತ್ತು. ಮೊದಲಿನಿಂದಲೂ. ತರಕಾರಿ ಹೆಚ್ಚುತ್ತಲೇ ಹೇಳಿದಳು, ತಲೆ ಎತ್ತದೆ.

"ಅತ್ತೆ ರೂಮಿನ ಹೀಟರ್ ಸ್ವಿಚ್ ಮೇಲೆ ಚೀಟಿ ಅಂಟಿಸಿದ್ರಲ್ಲ, ಹತ್ತು ನಿಮಿಷ ಮಾತ್ರ ಅಂತ. ಅತ್ತೆ ಎರಡು ಸ್ವೆಟರ್ ಹಾಕ್ಕೊಂಡು ಗಡಿಯಾರ ನೋಡ್ತಾ ಕೂತಿರೋರು. ನೀವು ರೌಂಡ್ ಮುಗಿಸಿ ಬಂದು ಮೊದಲು ನೋಡ್ತಿದ್ದಿದ್ದು ಅತ್ತೇನಲ್ಲ ರೀ, ಮೀಟರ್‌ನ. ನಿಮ್ಮ ತಮ್ಮ ಒಂದಿನ ವೈರಿನವನನ್ನ ಕರ್ಕೊಂಡ್ ಬಂದು, ರೂಮು ಬಚ್ಚಲು ಒಂದೇ ಲೈನು ಅಂತ ಎರಡನ್ನೂ ಕೆಳಗಿನ ಮೀಟರ್‌ಗೆ ಹಾಕಿಸಿದ್ರು. ಅತ್ತೆ ಇದ್ದಷ್ಟು ದಿನ ಹೀಟರ್ ಹಾಕ್ಕೊಳ್ಳಲಿ ಅಂತ."

"ನೀನೂ ಸೇರಿ ನನ್ನನ್ನ ಪೆದ್ದ ಮಾಡಿದೆ."

"ಹೌದು" ಎಂದಳು.

ನವೆಂಬರ್ 18

18472. ಹಳೇ ಡೈರಿ ತೆಗೆದೆ. ಹನ್ನೊಂದು ವರ್ಷದ ಹಿಂದಿನದು, ಡಿಸೆಂಬರ್ 12. ನನ್ನದೇ ಅಕ್ಷರ: "ನಿನ್ನೆ ಹನ್ನೊಂದು ಯೂನಿಟ್. ಇಂದು ನಾಲ್ಕು! ಅಮ್ಮ ಕೊನೆಗೂ ಕಲಿತಳು." ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಬಳಕೆ ದಿಢೀರನೆ ಇಳಿದರೆ ಗುರುತು ಹಾಕಿ ಒಳಗೆ ಹೋಗಿ ನೋಡು — ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಸುವ ಪಾಠ. ಎಷ್ಟು ಮನೆಗಳಲ್ಲಿ ಹಿಡಿದೆ. ನನ್ನ ಮನೆಯಲ್ಲಿ ಬೆನ್ನು ತಟ್ಟಿಕೊಂಡೆ. ಮದುವೆ ಮನೆ, ಸಾವಿನ ಮನೆ ಎನ್ನದೆ ಹೋದಲ್ಲೆಲ್ಲ ಹೇಳಿಕೊಂಡು ಬಂದೆ, ನಾಲ್ಕೇ ಯೂನಿಟ್, ನಾಲ್ಕೇ ಯೂನಿಟ್. ಥೂ.

ನವೆಂಬರ್ 19

ಕೆಳಗೆ ಹೋದೆ. ಕ್ಷಮೆ ಕೇಳಲಿಕ್ಕಲ್ಲ. ಜಗಳ ಮುಗಿಸಲಿಕ್ಕೆ. ಕೇಕಿನ ಅಚ್ಚುಗಳಿಗೆ ಬೆಣ್ಣೆ ಸವರುತ್ತಿದ್ದ.

"ಅಮ್ಮ ಹೋಗಿ ಒಂಬತ್ತು ವರ್ಷ ಆಯ್ತು. ಆಮೇಲಾದ್ರೂ ಹೇಳ್ಬೋದಿತ್ತಲ್ಲೋ. ಹಿಂದಿನಿಂದ ನಗ್ತಾ ಇದ್ಯಾ?"

ಅಚ್ಚು ಧಡ್ಡನೆ ಕುಕ್ಕಿದ. ಅವನಿಗೂ ಸಿಟ್ಟು ಬರುತ್ತದೆ ಎಂದು ಮರೆತೇಹೋಗಿತ್ತು.

"ನಗೋದಾ? ಅವತ್ತು ಹೀಟರ್ ಹಾಕಿದ್ದಕ್ಕೆ ನೀನು ಬೈದ ಮೇಲೆ ಅಮ್ಮ ಕೆಳಗೆ ಇಳಿದು ಬಂದ್ಲು. ಇಲ್ಲೇ, ಈ ಓವನ್ ಮುಂದೆ ಸ್ಟೂಲ್ ಹಾಕ್ಕೊಂಡು ಕೈ ಕಾಯಿಸ್ಕೊಂಡ್ಲು. ಇಲ್ಲೇ ಇದ್ಬಿಡು ಅಂದೆ. ದೊಡ್ಡವನು ಮುನಿಸ್ಕೋತಾನೆ ಅಂದ್ಲು. ನಿನ್ನ ಹತ್ರ ಜಗಳಕ್ಕೆ ಬರ್ತೀನಿ ಅಂದೆ. ಬೇಡ, ಅವನಿಗೆ ಮೀಟರ್ ಅಂದ್ರೆ ಪ್ರಾಣ, ಯಾವತ್ತೂ ಹೇಳ್ಬೇಡ, ನೊಂದ್ಕೋತಾನೆ ಅಂದ್ಲು. ಮಾತು ಕೊಟ್ಟೆ. ಆಯ್ತಾ? ಇನ್ನೇನು ಬೇಕು ನಿಂಗೆ?"

"ನನಗೊಂದು ಮಾತು ಹೇಳಿದ್ರೆ ನಾನೇ—"

"ನೀನೇ ಏನು? ಹದಿನೈದು ನಿಮಿಷ ಮಾಡ್ತಿದ್ದೆ, ಅಷ್ಟೇ ತಾನೇ?"

ಹೊಡೆಯಬೇಕು ಅನ್ನಿಸಿತು. ಅವನನ್ನೋ ನನ್ನನ್ನೋ ಗೊತ್ತಾಗಲಿಲ್ಲ. ಆ ಸ್ಟೂಲ್ ಮೂಲೆಯಲ್ಲಿ ಇನ್ನೂ ಇದೆ. ಮೇಲೆ ಸಕ್ಕರೆ ಚೀಲ ಇಟ್ಟಿದ್ದಾನೆ. ಮೇಲೆ ಬಂದುಬಿಟ್ಟೆ. ಸಹಿ ಹಾಕುವುದಿಲ್ಲ. ಯಾರಿಗೂ ಏನೂ ಹಾಕುವುದಿಲ್ಲ.

ನವೆಂಬರ್ 28

ಒಂಬತ್ತು ದಿನ ಬರೆದಿಲ್ಲ. ಬಿಸಿನೀರು ಮುಟ್ಟಿಲ್ಲ. ಇವಳು, "ಈ ವಯಸ್ಸಲ್ಲಿ ತಣ್ಣೀರು ಸುರ್ಕೊಂಡು ಯಾರ ಮೇಲೆ ಸೇಡು?" ಎಂದಳು. ಕೆಮ್ಮು ಹತ್ತಿದೆ.

ಟೋಪಿಗೆ ಫೋನ್ ಮಾಡಿದೆ. ನನ್ನ ಲೆಕ್ಕ ತಪ್ಪು, ನಾಲ್ಕಲ್ಲ, ಎಂಟೋ ಒಂಬತ್ತೋ ಎಂದು ಬರೆದುಕೋ ಎಂದೆ. "ಹಾಗಿದ್ರೆ ಒಂಬತ್ತು ವರ್ಷಕ್ಕೆ ವಾಪಸ್ ಬರತ್ತೆ ಸರ್!" ಎಂದು ಕುಣಿದ. ಬಾಯಿ ಮುಚ್ಚು ಎಂದೆ. ಕಾಗದಕ್ಕೆ ಸಹಿ ಹಾಕಿ ತಮ್ಮನ ಬಾಗಿಲ ಸಂದಿಯಲ್ಲಿ ತೂರಿಸಿ ಬಂದೆ. ಬಡಿಯಲಿಲ್ಲ. ಒಳಗೆ ಓವನ್ ಸದ್ದು ಇತ್ತು.

ನವೆಂಬರ್ 30, ಬೆಳಿಗ್ಗೆ 6

ಮೀಟರ್ ನೋಡಿಲ್ಲ. ಮೆಟ್ಟಿಲ ತನಕ ಹೋಗಿ ವಾಪಸ್ ಬಂದೆ.

ಸ್ವಿಚ್ ಮೇಲೆ ಚೀಟಿ ಈಗಲೂ ಇತ್ತು. ದಿನಾ ಅದರ ಕೆಳಗೇ ಕೂತು ಬರೆದರೂ ಕಣ್ಣಿಗೆ ಬಿದ್ದಿರಲಿಲ್ಲ. ಉಗುರಲ್ಲಿ ಕೆರೆದೆ. ಕಾಗದ ಬಂತು, ಅಂಟು ಬರಲಿಲ್ಲ. ಅಟ್ಟದ ಮೇಲಿಂದ ಅಮ್ಮನ ಹೀಟರ್ ಇಳಿಸಿ, ಧೂಳು ಒರೆಸಿ, ಹಾಕಿದ್ದೇನೆ. ಮೊದಲು ಸುಟ್ಟ ವಾಸನೆ, ಆಮೇಲೆ ಕೆಂಪಾಯಿತು. ಅಮ್ಮನ ಕುರ್ಚಿ ಅದರ ಮುಂದೆ ಎಳೆದಿಟ್ಟು ನಾನು ಮೇಜಿನ ಹತ್ತಿರ ಕೂತಿದ್ದೇನೆ.

ಹತ್ತು ನಿಮಿಷ ಆಯಿತು.

ಇಪ್ಪತ್ತು.

ಇವಳು ಎದ್ದು ಬಂದು ಬಾಗಿಲಲ್ಲಿ ನಿಂತಳು. ಕುರ್ಚಿ ನೋಡಿದಳು, ನನ್ನನ್ನು ನೋಡಿದಳು.

"ಯಾರೂ ಕೂತಿಲ್ವಲ್ಲ ರೀ. ಆಫ್ ಮಾಡ್ಲಾ?"

"ಬೇಡ, ಇರಲಿ ಬಿಡೇ, ಅಮ್ಮನಿಗೆ ಚಳಿ ಆಗತ್ತೆ."