ಮಂಗಳವಾರ ಮೂರರಿಂದ ನಾಲ್ಕೂವರೆ

ಫಾರ್ಮಿಂಗ್ಟನ್ ಹಿಲ್ಸ್
ಬುಧವಾರ, ಜೂನ್ ೧೦, ೨೦೦೯

ಪ್ರೀತಿಯ ಇವರಿಗೆ,

ಧೃತಿ, ನಾನು ಇಬ್ಬರೂ ಚೆನ್ನಾಗಿದ್ದೇವೆ. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ನಾನು ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ದಿನಕ್ಕೆರಡು ಸಲ ಫೋನ್ ಮಾಡುವವಳಿಗೆ ಕಾಗದ ಯಾಕೆ ಎನ್ನುತ್ತೀರಿ. ನಿನ್ನೆಯಿಂದ ಮೂರು ಸಲ ಹೇಳಲು ಬಾಯಿ ತೆರೆದೆ, ಮೂರು ಸಲವೂ ಊಟ ಆಯಿತೇ ಎಂದು ಕೇಳಿ ಇಟ್ಟುಬಿಟ್ಟೆ. ಎಕ್ಸ್‌ಪ್ರೆಸ್ ಅಂಚೆಗೆ ಹಾಕಿದರೆ ನಾಳೆಯೇ ಬೋಲಿಂಗ್‌ಬ್ರೂಕ್ ತಲುಪುತ್ತದಂತೆ. ಮೊದಲು ಒಂದು ಮಾತು, ಉಳಿದದ್ದು ಆಮೇಲೆ. ಶುಕ್ರವಾರ ವೇರ್‌ಹೌಸಿನಲ್ಲಿ ಕೆಲಸ ಬಿಡುತ್ತೇನೆಂದು ಹೇಳಬೇಡಿ. ದಮ್ಮಯ್ಯ ಎನ್ನುತ್ತೇನೆ, ಹೇಳಬೇಡಿ.

ನಿಮ್ಮ ಬೋಲಿಂಗ್‌ಬ್ರೂಕ್ ಪಕ್ಕದ ಆ ನೇಪರ್ವಿಲ್ ಕಂಪನಿಗೆ ನಿಮ್ಮ ಅರ್ಜಿ ಹೋಗಿಲ್ಲ. ನಿನ್ನೆ ನೀವು ಕೇಳಿದಾಗ “ಹೋಯ್ತು ಕಣ್ರೀ” ಎಂದೆನಲ್ಲ, ಅದು ಸುಳ್ಳು.

ನೀವು ಹೇಳಿದ ಹಾಗೆ ಮಧ್ಯಾಹ್ನ ಒಂದಕ್ಕೇ ಕಂಪ್ಯೂಟರ್ ಮುಂದೆ ಕೂತೆ. ಆಬರ್ನ್ ಹಿಲ್ಸ್ ಆಫೀಸಿನ ನಿಮ್ಮ ಹನ್ನೊಂದು ವರ್ಷವನ್ನು ಚೌಕ ಚೌಕದೊಳಗೆ ತುಂಬಿಸಿದೆ. ಲೇಆಫ್ ಆದ ತಾರೀಖಿನ ಜಾಗದಲ್ಲಿ ಮಾತ್ರ ಕೈ ನಿಂತಿತು. ಎಲ್ಲ ಮುಗಿದು ಕಳಿಸುವ ಬಟನ್ ಒಂದೇ ಬಾಕಿ ಇದ್ದಾಗ ಗಂಟೆ ಮೂರು ದಾಟಿತ್ತು. ಅಡಿಗೆಮನೆಯ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಮಂಗಳವಾರ, ಮೂರರಿಂದ ನಾಲ್ಕೂವರೆ ರಾಹುಕಾಲ.

ನಗಬೇಡಿ. ಮೈಸೂರಿನ ರಾಹು ಮಿಶಿಗನ್ನಿಗೆ ಯಾವ ವೀಸಾದಲ್ಲಿ ಬರುತ್ತಾನೆ ಎಂದು ನೀವು ಕೇಳುತ್ತಿದ್ದಿರಿ, ನಾನು ಮುಖ ಊದಿಸಿಕೊಳ್ಳುತ್ತಿದ್ದೆ. ಆದರೆ ಜನವರಿಯಲ್ಲಿ ಆಫೀಸಿನವರು ನಿಮ್ಮ ಕೈಗೆ ಆ ಲೇಆಫ್ ಲಕೋಟೆ ಕೊಟ್ಟದ್ದು ರಾಹುಕಾಲದಲ್ಲೇ. ಅಂದಿನಿಂದ ನನಗೆ ಧೈರ್ಯವಿಲ್ಲ. ಅರ್ಜಿ ಕಳಿಸಲು ಐದರವರೆಗೆ ಸಮಯವಿದೆಯಲ್ಲ, ನಾಲ್ಕೂವರೆಗೆ ದೀಪ ಹಚ್ಚಿ ಒತ್ತಿದರಾಯಿತು ಎಂದುಕೊಂಡೆ.

ಆ ಕಂಪ್ಯೂಟರ್ ಒಂದು ವಾರದಿಂದ ಮೂಲೆಯಲ್ಲಿ ಚೀಟಿ ತೋರಿಸುತ್ತಲೇ ಇತ್ತು, ಅಪ್‌ಡೇಟ್ ಬಂದಿದೆ, ರೀಸ್ಟಾರ್ಟ್ ಮಾಡಲೇ ಎಂದು. ಕೆಲಸ ಹೇಳಿದರೆ ಧೃತಿ ನನಗೆ ಹೇಳುವ ಹಾಗೆ ನಾನು ಪ್ರತಿಸಲವೂ ಆಮೇಲೆ ಎಂದು ಒತ್ತುತ್ತಿದ್ದೆ. ನಿನ್ನೆ ದೀಪ ಹಚ್ಚಿ ಬಂದು ನೋಡಿದರೆ ಅದು ಕೇಳುವುದನ್ನೇ ಬಿಟ್ಟಿತ್ತು. ನಾನು ತುಂಬಿದ ಅರ್ಜಿ ಇಲ್ಲ. ಪರದೆ ತುಂಬ ನೀಲಿ, ನಡುವೆ ಒಂದು ಸಾಲು, ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ. ನಮ್ಮ ದುಡ್ಡಿನ ಕಂಪ್ಯೂಟರ್, ನಮ್ಮ ಮನೆಯ ಕರೆಂಟು, ನಾನು ಮುಟ್ಟಬಾರದಂತೆ. ಮುಟ್ಟದೆ ಕೂತೆ. ಮೂರು ಹಂತದಲ್ಲಿ ಒಂದಾಯಿತು, ಎರಡಾಯಿತು. ಐದಕ್ಕೆ ಹತ್ತು ನಿಮಿಷವಿದ್ದಾಗ ಪರದೆ ಕಪ್ಪಾಗಿ ನಾಲ್ಕು ಸಾಲು ಬಿಳಿ ಅಕ್ಷರ ಬಂತು. ತಾನೇ ಆಫ್ ಆಯಿತು, ತಾನೇ ಆನ್ ಆಯಿತು, ಮತ್ತೆ ಅದೇ ಕಪ್ಪು. ಹೀಗೆ ಆರು ಸಲ. ಬೈದೆ, ಕೈ ನೋಯುವ ಹಾಗೆ ಹೊಡೆದೆ. ನಿಮ್ಮ ಅಮ್ಮ ಕೇಳಿಸಿಕೊಂಡಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಐದು ಹೊಡೆದಾಗ ದೇವರ ಗೂಡಿನ ಮುಂದೆ ನೆಲದ ಮೇಲೆ ಕುಸಿದು ಕೂತೆ. ಧೃತಿ ಬಂದು ತನ್ನ ಇಂಗ್ಲಿಷಿನಲ್ಲಿ, ಅಪ್ಪನ ರೆಸ್ಯೂಮೆ ಈ-ಮೇಲಿನಲ್ಲೇ ಇದೆ, ಲೈಬ್ರರಿಗೆ ಹೋಗಿ ಮತ್ತೆ ತುಂಬೋಣ ಎಂದಳು. ನನಗೆ ರೇಗಿತು. ಹೊತ್ತು ಮೀರಿತು, ಸುಮ್ಮನೆ ರೂಮಿಗೆ ಹೋಗು ಎಂದು ಗದರಿದೆ. ಪಾಪ, ಹೋದಳು.

ಇವತ್ತು ಹಯವದನ ಬಂದು ನೋಡಿದರು. ನಿಮ್ಮ ಜೊತೆಗೇ ಕೆಲಸ ಕಳೆದುಕೊಂಡವರು, ಈಗ ಮನೆ ಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುತ್ತಾರೆ. ನಮ್ಮ ಹಳೆಯ ಯಂತ್ರಕ್ಕೆ ಆ ಅಪ್‌ಡೇಟ್ ತಾಳಿಕೊಳ್ಳಲಾಗಲಿಲ್ಲ, ಫೋಟೋಗಳು ಉಳಿದರೆ ಅದೃಷ್ಟ ಎಂದರು. ಫೋಟೋ ಹೋದರೆ ಹೋಗಲಿ ಎಂದೆ. ಅವರು ಕಾಫಿ ಕುಡಿದು ಹೋದರು.

ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದವಳು ನಾನು. ಅರ್ಜಿ ಬರೀ ಶಾಸ್ತ್ರಕ್ಕೆ, ಅದು ಬಂದರೆ ಕೆಲಸ ನಿನ್ನದೇ ಎಂದು ಆ ಕಂಪನಿಯಲ್ಲೇ ಇರುವ ನಿರಂಜನ್ ನಿಮಗೆ ಮಾತು ಕೊಟ್ಟಿದ್ದರು. ಜೂನ್ ಮುಗಿಯುವುದರೊಳಗೆ ಮೂವರೂ ಒಂದೇ ಸೂರಿನಡಿ ಇರುತ್ತೇವೆ, ನಾಲ್ಕು ಜನರ ರೂಮಿನಿಂದ ನಿಮಗೆ ಬಿಡುಗಡೆ ಎಂದು ನಾನು ಪಾತ್ರೆಗಳನ್ನೆಲ್ಲ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿದ್ದೆ. ಇವತ್ತು ಕುಕ್ಕರಿಗಾಗಿ ಒಂದನ್ನು ಬಿಚ್ಚಿದೆ. ಆ ಮಣಭಾರ ಎತ್ತುವ ಕೆಲಸವೂ ನನ್ನ ಸುಳ್ಳಿನಿಂದ ಹೋಗಿಬಿಟ್ಟರೆ ಆಮೇಲೆ ನಾನು ಯಾವ ಮುಖ ಹೊತ್ತು ನಿಮ್ಮೆದುರು ನಿಲ್ಲಲಿ? ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ, ಈ ಸುಳ್ಳು ಎಷ್ಟು ದಿನ ನಿಲ್ಲುತ್ತಿತ್ತು?

ಬೈಯಬೇಕೆನಿಸಿದರೆ ಬೈಯಿರಿ. ಆದರೆ ಫೋನ್ ಮಾಡಿ. ನೀವು ಸುಮ್ಮನಿದ್ದರೆ ನನಗೆ ಭಯ.

ನಿಮ್ಮ
ಸಿಂಧು

ಮರೆತದ್ದಲ್ಲ, ಮೇಲೆ ಬರೆಯಲಾಗದೆ ಬಿಟ್ಟದ್ದು: ಬೆಳಿಗ್ಗೆ ನಿರಂಜನ್‌ಗೆ ಫೋನ್ ಮಾಡಿದ್ದೆ. ಪಟ್ಟಿ ಮೇಲಕ್ಕೆ ಹೋಯಿತು, ಇನ್ನು ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಐದು ಹೊಡೆಯುವವರೆಗೂ ನಿಮ್ಮ ಹೆಸರು ಬರುತ್ತದೆಂದು ನೋಡುತ್ತಾ ಕೂತಿದ್ದರಂತೆ. ಅವರ ಊರಿನ ಐದು ಎಂದರೆ ನಮಗೆ ಆರು. ಲೈಬ್ರರಿ ಇರುವುದು ಎರಡೇ ಮೈಲಿ ದೂರದಲ್ಲಿ. ದಿನಾ ನಿಮಗೆ ಫೋನ್ ಮಾಡುವ ಮುಂಚೆ ಒಂದು ಗಂಟೆ ಕಳೆದು ಲೆಕ್ಕ ಹಾಕುವವಳು ನಾನು. ನಿನ್ನೆ ಆ ಒಂದು ಗಂಟೆ ಪೂರ್ತಿ ದೇವರ ಮುಂದೆ ಅಳುತ್ತಾ ಕೂತಿದ್ದೆ.